ಹಳೆಯ ಜೆಟ್ ಸ್ಕೀ ಸ್ಟಾರ್ಟ್ ಆಗುತ್ತಿಲ್ಲವೇ? ಬಿಡಿಭಾಗ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

ಬಟನ್ ಒತ್ತಿದರೆ ಬರೀ ‘ಟಕ್’ ಅಂದು ಸುಮ್ಮನಾಗುವ ಹಳೆಯ ಜೆಟ್ ಸ್ಕೀಗೆ ಹೆಚ್ಚಿನವರು ಮೊದಲು ಹೊಸ ಬ್ಯಾಟರಿ ಹಾಕುತ್ತಾರೆ. ಸರಿಹೋಗದಿದ್ದರೆ ರಿಲೇ (ಬ್ಯಾಟರಿಯ ಕರೆಂಟನ್ನು ಸ್ಟಾರ್ಟರ್‌ಗೆ ಬಿಡುವ ಸ್ವಿಚ್), ಆಮೇಲೆ ಎಂಜಿನ್ ತಿರುಗಿಸಿ ಶುರುಮಾಡುವ ಸ್ಟಾರ್ಟರ್ ಮೋಟಾರ್. ಮೂರೂ ಹೊಸದಾದ ಮೇಲೂ ಅದೇ ‘ಟಕ್’. ದೋಷ ಹೆಚ್ಚಾಗಿ ಇರುವುದು ಈ ಭಾಗಗಳಲ್ಲಲ್ಲ, ಅವುಗಳನ್ನು ಸೇರಿಸುವ ಕೇಬಲ್, ಬೋಲ್ಟ್ ಮತ್ತು ಕನೆಕ್ಟರ್‌ಗಳಲ್ಲಿ. ನೀರು, ಅದರಲ್ಲೂ ಉಪ್ಪುನೀರು, ತಾಮ್ರಕ್ಕೆ ಕಿಲುಬು ಹಿಡಿಸದೆ ಬಿಡುವುದಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ತಂತಿ ಬ್ರಷ್ ಇದ್ದರೆ ಈ ಕೆಲಸಕ್ಕೆ ಸಾಕು.

ಮೊದಲು ಸೀಟು ತೆಗೆದು ಎಂಜಿನ್ ಗೂಡಿಗೆ ಚೆನ್ನಾಗಿ ಗಾಳಿಯಾಡಲು ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ವಾಸನೆ ಹೋಗುವ ತನಕ ಯಾವ ವೈರನ್ನೂ ಮುಟ್ಟಬೇಡಿ. ರಿಲೇಯ ಎರಡು ದಪ್ಪ ಬೋಲ್ಟ್‌ಗಳ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. ಜೆಟ್ ಸ್ಕೀಯ ಮುಚ್ಚಿದ ಒಡಲೊಳಗೆ ಅದು ಹಾರಿಸುವ ಕಿಡಿ ಪ್ರಾಣಕ್ಕೇ ಕುತ್ತು, ಅದನ್ನು ಮಾಡಲೇಬೇಡಿ. ಇನ್ನೊಂದು ಮಾತು: ಹಳೆಯ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ನೇರವಾಗಿ ಎಂಜಿನ್‌ಗೇ ಜೋಡಿಸಿರುತ್ತದೆ, ಕ್ರ್ಯಾಂಕ್ ಮಾಡಿದಾಗಲೆಲ್ಲ (ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿದಾಗಲೆಲ್ಲ) ಅದೂ ತಿರುಗುತ್ತದೆ. ಪಂಪಿನ ಹತ್ತಿರ ಯಾರ ಕೈಯೂ ಇರಬಾರದು.

ಬ್ಯಾಟರಿಯಿಂದ ಶುರುಮಾಡಿ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್ ಅಥವಾ ಹೆಚ್ಚು ಇರಬೇಕು. 12.4 ಎಂದರೆ ಮುಕ್ಕಾಲು ಭಾಗ, 12ಕ್ಕಿಂತ ಕೆಳಗೆ ಎಂದರೆ ಬಹುತೇಕ ಖಾಲಿ. ಆದರೆ ಸುಮ್ಮನೆ ಕೂತಿರುವ ಬ್ಯಾಟರಿಯ ಅಂಕಿ ನಂಬಿ ಕೂರಬೇಡಿ, ಒಂದು ಸೆಲ್ ಸೋತ ಬ್ಯಾಟರಿಯೂ ಕೆಲವೊಮ್ಮೆ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಸ್ಟಾರ್ಟ್ ಬಟನ್ ಒತ್ತಿ ಹಿಡಿದಾಗ ಮೀಟರ್ ಎಷ್ಟು ಇಳಿಯುತ್ತದೆ ನೋಡಿ. ಎಂಜಿನ್ ತಿರುಗುತ್ತಿರುವಾಗ 10ರ ಮೇಲೆ ನಿಂತರೆ ಬ್ಯಾಟರಿ ಸರಿಯಿದೆ. 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಎಂಜಿನ್ ಅಥವಾ ಸ್ಟಾರ್ಟರ್ ಬಿಗಿದುಕೊಂಡಿದೆ.

ಚಾರ್ಜ್ ಮಾಡುವಾಗ ಬ್ಯಾಟರಿಯ ಸಾಮರ್ಥ್ಯದ, ಅಂದರೆ ಆಂಪಿಯರ್-ಅವರ್‌ನ, ಹತ್ತನೇ ಒಂದು ಭಾಗದ ಕರೆಂಟ್ ಸಾಕು. 19 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 2 ಆಂಪಿಯರ್. ಕಾರಿನಿಂದ ಜಂಪ್ ಮಾಡಲೇಬೇಕಾದರೆ ಕಾರಿನ ಎಂಜಿನ್ ಆಫ್ ಇರಲಿ. ಪ್ಲಸ್ ಮೈನಸ್ ಅದಲುಬದಲಾದರೆ ರೆಕ್ಟಿಫೈಯರ್ (ಎಂಜಿನ್‌ನ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ), ಕಂಟ್ರೋಲ್ ಮಾಡ್ಯೂಲ್ (ಎಲೆಕ್ಟ್ರಾನಿಕ್ ನಿಯಂತ್ರಕ) ಎರಡೂ ಸುಟ್ಟುಹೋಗಬಹುದು.

ಬಟನ್ ಒತ್ತಿದರೆ ಸದ್ದೇ ಇಲ್ಲವೇ? ಮೊದಲು ಲ್ಯಾನ್ಯಾರ್ಡ್ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ಸುರಕ್ಷಾ ದಾರದ ಕೀ) ಸರಿಯಾಗಿ ಕೂತಿದೆಯೇ ನೋಡಿ. ಎನ್‌ಕೋಡೆಡ್ ಕೀ (ಸಂಕೇತ ತುಂಬಿದ ಕೀ) ಇರುವ ಸೀ-ಡೂ ಕಂಪನಿಯ ಮಾಡೆಲ್‌ಗಳಲ್ಲಿ ಕೀ ಹಾಕಿದಾಗ ಎರಡು ಚಿಕ್ಕ ಬೀಪ್ ಕೇಳಬೇಕು. ಬೀಪ್ ಬರದಿದ್ದರೆ ಕೀಯನ್ನೂ ಅದು ಕೂರುವ ಪೋಸ್ಟ್‌ನ ಸಂಪರ್ಕಗಳನ್ನೂ ಒರೆಸಿ, ಮಾಡ್ಯೂಲ್‌ಗೆ ಕರೆಂಟ್ ಬರುತ್ತಿದೆಯೇ ಅಳೆಯಿರಿ. ಫ್ಯೂಸ್‌ಗಳನ್ನು ಕಣ್ಣಲ್ಲಿ ನೋಡಿ ಬಿಡಬೇಡಿ. ಹೊರತೆಗೆದು ಮೀಟರ್‌ನಲ್ಲಿ ಕಂಟಿನ್ಯೂಟಿ (ಕರೆಂಟ್ ಹಾದುಹೋಗುತ್ತದೆಯೇ) ನೋಡಿ, ಹೋಲ್ಡರ್‌ನ ಕಾಲುಗಳನ್ನೂ ಪರೀಕ್ಷಿಸಿ. ಫ್ಯೂಸ್ ಚೆನ್ನಾಗಿದ್ದು ಹೋಲ್ಡರ್ ಕಿಲುಬು ಹಿಡಿದಿರುವುದು ತುಂಬ ಸಾಮಾನ್ಯ. ಮುಂದಿನದು ರಿಲೇಯ ಸಣ್ಣ ವೈರ್‌ಗಳು. ಬಟನ್ ಒತ್ತಿದಾಗ ಆ ಎರಡರ ನಡುವೆ ಬ್ಯಾಟರಿಯ ವೋಲ್ಟೇಜ್ ಬಂದೂ ‘ಟಕ್’ ಅನ್ನದಿದ್ದರೆ ರಿಲೇ ಸತ್ತಿದೆ. ವೋಲ್ಟೇಜೇ ಬರದಿದ್ದರೆ ದೋಷ ಬಟನ್, ಹ್ಯಾಂಡಲ್ ಕೆಳಗಿನ ಕನೆಕ್ಟರ್ ಅಥವಾ ಮಾಡ್ಯೂಲ್ ಕಡೆ. ಕೆಲವು ರಿಲೇಗಳಲ್ಲಿ ಸಣ್ಣ ವೈರ್ ಒಂದೇ ಇರುತ್ತದೆ. ಅಲ್ಲಿ ಅರ್ಥ್ (ಮೈನಸ್ ಸಂಪರ್ಕ) ಬರುವುದು ರಿಲೇ ಕೂರಿಸಿದ ಬೋಲ್ಟ್‌ನಿಂದ, ಅದನ್ನೂ ಉಜ್ಜಿ.

‘ಟಕ್’ ಅಂದು ನಿಂತರೆ, ಅಥವಾ ಎಂಜಿನ್ ತೀರಾ ನಿಧಾನ ತಿರುಗಿದರೆ, ವೋಲ್ಟೇಜ್ ಡ್ರಾಪ್ ಪರೀಕ್ಷೆ ಮಾಡಿ, ಅಂದರೆ ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಳೆಯಿರಿ. ಕೇಬಲ್‌ನ ಓಮ್ (ಕರೆಂಟ್‌ಗೆ ಇರುವ ಅಡ್ಡಿ) ಅಳೆದು ಸರಿಯಿದೆ ಅನ್ನುವವರು ಇಲ್ಲಿಯೇ ಎಡವುವುದು. ಓಮ್ ಅಳೆಯುವಾಗ ಮೀಟರ್ ಹರಿಸುವ ಕರೆಂಟ್ ಅತ್ಯಲ್ಪ. ನಾಲ್ಕೈದು ಎಳೆ ತಾಮ್ರ ಉಳಿದಿದ್ದರೂ ಕೇಬಲ್ ಪಾಸ್ ಆಗುತ್ತದೆ. ಸ್ಟಾರ್ಟರ್ 100 ಆಂಪಿಯರ್ ಎಳೆದಾಗ ಬರೀ 0.02 ಓಮ್ ಅಡ್ಡಿ 2 ವೋಲ್ಟ್ ನುಂಗುತ್ತದೆ. ಅಷ್ಟು ಸಣ್ಣ ಓಮ್ ಸಾಮಾನ್ಯ ಮೀಟರ್‌ಗೆ ಕಾಣಿಸುವುದೇ ಇಲ್ಲ.

ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಪ್ರತಿ ಸಲವೂ ಇನ್ನೊಬ್ಬರಿಂದ ಎರಡು ಮೂರು ಸೆಕೆಂಡ್ ಬಟನ್ ಒತ್ತಿಸಿ ಹೀಗೆ ಅಳೆಯಿರಿ:

1. ಬ್ಯಾಟರಿಯ ಪ್ಲಸ್ ಕಂಬದಿಂದ ಸ್ಟಾರ್ಟರ್‌ನ ಬೋಲ್ಟ್‌ಗೆ. 0.5 ವೋಲ್ಟ್ ಒಳಗಿರಬೇಕು. ಪ್ರೋಬ್ ತಾಗಬೇಕಾದ್ದು ಬ್ಯಾಟರಿಯ ಸೀಸದ ಕಂಬಕ್ಕೆ, ಕೇಬಲ್ ತುದಿಯ ಲೋಹದ ಉಂಗುರಕ್ಕೆ (ಲಗ್) ಅಲ್ಲ.
2. ರಿಲೇಯ ದಪ್ಪ ಬೋಲ್ಟ್‌ಗಳ ನಡುವೆ. 0.3ರ ಒಳಗೆ ಇರಬೇಕು. ‘ಟಕ್’ ಕೇಳಿಯೂ 12 ವೋಲ್ಟ್ ಹಾಗೇ ನಿಂತಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ರಿಲೇ ಬದಲಿಸಿ.
3. ಬ್ಯಾಟರಿಯ ಮೈನಸ್ ಕಂಬದಿಂದ ಸ್ಟಾರ್ಟರ್‌ನ ಲೋಹದ ಮೈಗೆ. ಇದೂ 0.3ರ ಒಳಗೆ.

ಮೂರನೆಯದರಲ್ಲಿ ಅಂಕಿ ಏರಿದರೆ ಎಂಜಿನ್‌ಗೆ ಬಿಗಿದ ಅರ್ಥ್ ಬೋಲ್ಟ್ ಬಿಚ್ಚಿ. ಬಣ್ಣ, ತುಕ್ಕು ಎಲ್ಲ ಹೋಗಿ ಲೋಹ ಹೊಳೆಯುವ ತನಕ ಉಜ್ಜಿ. ಕೇಬಲ್ ಅನ್ನು ಲಗ್‌ನ ಹತ್ತಿರ ಬಗ್ಗಿಸಿ ನೋಡಿ: ಬಿರುಸಾಗಿದ್ದು ಒಳಗೆ ಪುಡಿಪುಡಿ ಅನಿಸಿದರೆ ಕಿಲುಬು ಇನ್ಸುಲೇಷನ್ ಒಳಗೇ ಹಬ್ಬಿದೆ. ಸಿಪ್ಪೆ ಸೀಳಿದರೆ ಕೆಂಪು ತಾಮ್ರದ ಬದಲು ಕಪ್ಪು-ಹಸಿರು ಪುಡಿ ಕಾಣುತ್ತದೆ. ಆ ಕೇಬಲ್ ಉಜ್ಜಿ ಉಳಿಸಲಾಗದು. ಅಷ್ಟೇ ದಪ್ಪದ, ತವರ ಲೇಪಿಸಿದ ತಾಮ್ರದ ಮೆರೈನ್ ಕೇಬಲ್ ಹಾಕಿ, ಲಗ್ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಏರಿಸಿ. ಇನ್ಸುಲೇಷನ್ ಟೇಪ್ ಇಲ್ಲಿ ಬೇಡ. ಅದು ನೀರು ತಡೆಯುವುದಿಲ್ಲ, ಒಳಹೊಕ್ಕ ನೀರನ್ನು ಹಿಡಿದಿಡುತ್ತದೆ.

ಮೂರೂ ಅಂಕಿ ಸರಿಯಿದ್ದು ಸ್ಟಾರ್ಟರ್‌ಗೆ ಪೂರ್ತಿ ಕರೆಂಟ್ ತಲುಪಿಯೂ ತಿರುಗುತ್ತಿಲ್ಲವೆಂದರೆ, ಮೋಟಾರ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನೂ ಹೊರತೆಗೆದು, ಡ್ರೈವ್ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿ. ಸಿಲಿಂಡರ್‌ನಲ್ಲಿ ನೀರು ತುಂಬಿದ ಎಂಜಿನ್ ಥೇಟ್ ಕೆಟ್ಟ ಸ್ಟಾರ್ಟರ್‌ನಂತೆಯೇ ‘ಟಕ್’ ಅನ್ನುತ್ತದೆ. ಪ್ಲಗ್ ಇದ್ದಾಗಲೇ ಒತ್ತಾಯದಿಂದ ಕ್ರ್ಯಾಂಕ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಶಾಫ್ಟ್ ಸಲೀಸಾಗಿ ತಿರುಗಿದರೆ ಪ್ಲಗ್ ಕ್ಯಾಪ್‌ಗಳನ್ನು ಅರ್ಥ್ ಮಾಡಿ, ಬ್ಯಾಟರಿ ಜೋಡಿಸಿ, ಸ್ವಲ್ಪ ಕ್ರ್ಯಾಂಕ್ ಮಾಡಿ ನೀರು ಹೊರಹಾಕಿ. ಮುಖ ದೂರ ಇರಲಿ. ನೀರಿನ ಸುಳಿವಿಲ್ಲದೆಯೂ ಮೋಟಾರ್ ಅಲುಗದಿದ್ದರೆ ಮಾತ್ರ ಅದನ್ನು ಬಿಚ್ಚಿ. ಸವೆದ ಬ್ರಷ್ ಅಥವಾ ಒಳಗಿಳಿದ ನೀರಿನ ತುಕ್ಕು ಅಲ್ಲಿ ಸಿಗುತ್ತದೆ. ಮೋಟಾರ್ ಗಿರ್ ಎಂದು ತಾನೊಂದೇ ತಿರುಗಿ ಎಂಜಿನ್ ಅಲುಗದಿದ್ದರೆ ಸ್ಟಾರ್ಟರನ್ನು ಎಂಜಿನ್‌ಗೆ ಕೂಡಿಸುವ ಬೆಂಡಿಕ್ಸ್ ಗೇರ್ ಅಂಟಿಕೊಂಡಿದೆ ಅಥವಾ ಹಲ್ಲು ಸವೆದಿದೆ.

ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಕಿಡಿ ನೋಡಿ. ಎಂಜಿನ್ ಸಾಕಷ್ಟು ವೇಗವಾಗಿ ತಿರುಗದೆ ಸಿಡಿಐ (ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕಿಡಿ ಕೊಡುವುದಿಲ್ಲ, ಆದ್ದರಿಂದ ನಿಧಾನ ಕ್ರ್ಯಾಂಕ್ ಮೊದಲು ಸರಿಮಾಡಿಕೊಳ್ಳಿ. ವೇಗ ಇದ್ದೂ ಕಿಡಿಯಿಲ್ಲದಿದ್ದರೆ ಹೆಚ್ಚಾಗಿ ಸ್ಟಾಪ್ ಸ್ವಿಚ್‌ನ ವೈರ್ ಎಲ್ಲೋ ಒದ್ದೆಯಾಗಿ ಅರ್ಥ್‌ಗೆ ತಾಗಿರುತ್ತದೆ. ಆಮೇಲಷ್ಟೇ ಕಿಡಿಯ ಸಮಯ ತಿಳಿಸುವ ಪಿಕಪ್ ಕಾಯಿಲ್ ನೋಡಿ.

ಸ್ಟಾರ್ಟ್ ಆದಮೇಲೆ ಚಾರ್ಜಿಂಗ್ ಅಳೆಯದೆ ಸೀಟು ಹಾಕಬೇಡಿ. 3000 ಆರ್‌ಪಿಎಂ ಸುಮಾರಿಗೆ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಕಾಣಬೇಕು. 12.5ರಲ್ಲೇ ನಿಂತರೆ ರೆಗ್ಯುಲೇಟರ್-ರೆಕ್ಟಿಫೈಯರ್ ಅಥವಾ ಸ್ಟೇಟರ್ (ಎಂಜಿನ್‌ನಲ್ಲಿ ಕರೆಂಟ್ ಹುಟ್ಟಿಸುವ ಕಾಯಿಲ್‌ಗಳು) ಕೆಟ್ಟಿದೆ, ಹೊಸ ಬ್ಯಾಟರಿಯೂ ಬೇಗ ಮಲಗುತ್ತದೆ. ನೀರಿಲ್ಲದೆ ಕೆಲವೇ ಸೆಕೆಂಡ್ ಓಡಿಸಬಹುದು, ಅಷ್ಟರಲ್ಲಿ ಈ ಅಳತೆ ಮುಗಿಯುವುದಿಲ್ಲ, ಹಾಗಾಗಿ ಪೈಪಿನಿಂದ ನೀರು ಕೊಡಬೇಕು. ಹೊರಗಿನ ನೀರಿನಿಂದ ತಣಿಯುವ ಹಳೆಯ ಎಂಜಿನ್‌ಗೆ ಪೈಪ್ ಹಾಕುವಾಗ ಎಂಜಿನ್ ಓಡತೊಡಗಿದ ಮೇಲೆ ನೀರು ಬಿಡಿ, ನಿಲ್ಲಿಸುವಾಗ ಮೊದಲು ನೀರು ನಿಲ್ಲಿಸಿ. ಹಿಂದುಮುಂದಾದರೆ ಎಕ್ಸಾಸ್ಟ್ ಮೂಲಕ ನೀರು ಸಿಲಿಂಡರ್ ಸೇರುತ್ತದೆ.