ಗುಲಗಂಜಿಯಂಥ ಚುಕ್ಕೆ: ಮಲ್ಪೆಯ ಸಿಗಡಿ ಶೆಡ್ಡಿನಲ್ಲಿ ಸಾಲ್ಮೊನೆಲ್ಲಾ ಹುಡುಕಿದ್ದು

ಉಡುಪಿಯ ಒಂದು ಸಣ್ಣ ಆಹಾರ ಪರೀಕ್ಷಾ ಲ್ಯಾಬ್‌ನಲ್ಲಿ ನನ್ನ ಕೆಲಸ. ಮೀನು, ಐಸು, ಬಾವಿ ನೀರು, ಕೋಳಿ ಮಾಂಸ, ಒಮ್ಮೊಮ್ಮೆ ಹೋಟೆಲಿನ ಚಟ್ನಿ, ಎಲ್ಲವೂ ಬರುತ್ತದೆ. ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಹೊಸತು. ಮಲ್ಪೆ ಹತ್ತಿರದ ಒಂದು ಶೆಡ್ಡಿನಿಂದ ಬಂದ ಸುಲಿದ ಸಿಗಡಿಯಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಸಿಕ್ಕಿತು.

ಈ ಬ್ಯಾಕ್ಟೀರಿಯಾ ವಿಷಯದಲ್ಲಿ 'ಸ್ವಲ್ಪ ಇದ್ದರೆ ಪರವಾಗಿಲ್ಲ' ಅನ್ನುವ ಮಾತಿಲ್ಲ. 25 ಗ್ರಾಂ ಸಿಗಡಿಯಲ್ಲಿ ಒಂದೂ ಇರಬಾರದು. ಹಾಗಾಗಿ ನಾವು ಎಣಿಸುವುದಿಲ್ಲ. ಇದೆಯೋ ಇಲ್ಲವೋ, ಅಷ್ಟೇ.

ಆ ಒಂದನ್ನು ಹಿಡಿಯುವುದೇ ಕಷ್ಟ. ಐಸಿನಲ್ಲಿ ಬಿದ್ದು, ಉಪ್ಪು, ಕ್ಲೋರಿನ್ ತಿಂದು ಅದು ಅರೆಜೀವವಾಗಿರುತ್ತದೆ. ಮೊದಲು ಉಪಚಾರ ಮಾಡಬೇಕು. 25 ಗ್ರಾಂ ಸಿಗಡಿಗೆ 225 ಮಿಲಿ ಬಫರ್ಡ್ ಪೆಪ್ಟೋನ್ ವಾಟರ್ ಹಾಕಿ, 37 ಡಿಗ್ರಿಯಲ್ಲಿ ಸುಮಾರು 18 ಗಂಟೆ ಇಡುತ್ತೇವೆ. ಇದು ಗಂಜಿ ಊಟದ ಹಾಗೆ. ಚೇತರಿಸಿಕೊಂಡ ಮೇಲೆ ಮರುದಿನ ಪರೀಕ್ಷೆ ಶುರು. 0.1 ಮಿಲಿ ತೆಗೆದು ಆರ್‌ವಿಎಸ್ ಅನ್ನುವ ನೀಲಿ ದ್ರವಕ್ಕೆ, 1 ಮಿಲಿ ಟೆಟ್ರಾಥಯೋನೇಟ್ ಬ್ರಾತ್‌ಗೆ. ಈ ಎರಡನೆಯದರ ತಳದಲ್ಲಿ ಸೀಮೆಸುಣ್ಣದಂಥ ಬಿಳಿ ಪುಡಿ ಕೂತಿರುತ್ತದೆ, ಅಲ್ಲಾಡಿಸಿಯೇ ಹಾಕಬೇಕು. ಉಳಿದ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಇವೆರಡೂ ವಿಷ. ಸಾಲ್ಮೊನೆಲ್ಲಾ ಹೇಗೋ ಬದುಕಿ ಹೆಚ್ಚುತ್ತದೆ. ಆರ್‌ವಿಎಸ್ ಅನ್ನು 41.5 ಡಿಗ್ರಿಯಲ್ಲಿ ಇಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ವಾಟರ್ ಬಾತ್ ಮೇಲಿನ ಅಂಕಿ ನಂಬಿ ಕೂತಿದ್ದೆ. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 44! ಆ ವಾರದ ನನ್ನ 'ಇಲ್ಲ'ಗಳನ್ನೆಲ್ಲ ವಾಪಸ್ ತೆಗೆದುಕೊಂಡು ಮತ್ತೆ ಮಾಡಬೇಕಾಯಿತು.

ಮೂರನೇ ದಿನ ಎಕ್ಸ್‌ಎಲ್‌ಡಿ ಅನ್ನುವ ಕೆಂಪು ಜೆಲ್ಲಿಯ ಪ್ಲೇಟಿನ ಮೇಲೆ ಗೀರೆಳೆದು ಹಚ್ಚುತ್ತೇವೆ. ನಾಲ್ಕನೇ ದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆಯುವಾಗ ಈಗಲೂ ಎದೆ ಸ್ವಲ್ಪ ಢವಢವ ಅನ್ನುತ್ತದೆ. ಇ. ಕೋಲಿ ಇದ್ದರೆ ಕೆಂಪು ಪ್ಲೇಟು ಹಳದಿಯಾಗುತ್ತದೆ. ಸಾಲ್ಮೊನೆಲ್ಲಾ ಆದರೆ ಕೆಂಪಿನ ನಡುವೆ ಕಪ್ಪು ಕಣ್ಣು, ಥೇಟ್ ಗುಲಗಂಜಿ. ಆದರೆ ನಂಬಿಬಿಡಬಾರದು, ಪ್ರೋಟಿಯಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಕಪ್ಪು ಮಾಡುತ್ತದೆ. ಯೂರಿಯಾಕ್ಕೆ ಹಾಕಿದರೆ ಪ್ರೋಟಿಯಸ್ ಗುಲಾಬಿ ಬಣ್ಣ ಬರಿಸುತ್ತದೆ, ಸಾಲ್ಮೊನೆಲ್ಲಾ ಬರಿಸುವುದಿಲ್ಲ. ಟಿಎಸ್‌ಐ ಅನ್ನುವ ಇನ್ನೊಂದು ಪರೀಕ್ಷೆಯ ಟ್ಯೂಬಿನಲ್ಲಿ ಸಾಲ್ಮೊನೆಲ್ಲಾಕ್ಕೆ ಮೇಲೆ ಕೆಂಪು, ಕೆಳಗೆ ಹಳದಿ, ನಡುವೆ ಕಪ್ಪು. ಕೊನೆಗೆ ಗಾಜಿನ ಸ್ಲೈಡಿನ ಮೇಲೆ ಸಾಲ್ಮೊನೆಲ್ಲಾವನ್ನು ಗುರುತಿಸುವ ಆಂಟಿಸೀರಂ ಒಂದು ಹನಿ. ಒಡೆದ ಹಾಲಿನ ಹಾಗೆ ಕಾಳುಕಟ್ಟಿದರೆ ಆಯಿತು, ರಿಪೋರ್ಟ್ ಬರೆಯಬಹುದು.

ಇಷ್ಟು ಪುಸ್ತಕದಲ್ಲಿರುವ ಕೆಲಸ. ಎಲ್ಲಿಂದ ಬಂತು ಅನ್ನುವುದು ಪುಸ್ತಕದಲ್ಲಿಲ್ಲ.

ಶೆಡ್ಡಿಗೆ ಹೇಳಿಯೇ ಹೋದೆ. ಅದೇ ತಪ್ಪಾಯಿತು. ನೆಲ, ಮೇಜು, ಟಬ್ಬು ಎಲ್ಲ ಥಳಥಳ. ಕ್ಲೋರಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಅಲ್ಲಲ್ಲಿ ಒರೆಸಿದ 22 ಸ್ವಾಬ್ (ಹತ್ತಿ ಕಡ್ಡಿ) ತಂದೆ, 22ರಲ್ಲೂ ಏನಿಲ್ಲ. ಮಾಲೀಕರಿಗೆ ಖುಷಿ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒದ್ದೆ ಮೇಜಿನ ಕ್ಲೋರಿನ್ ಸ್ವಾಬಿನ ಜೊತೆಗೇ ನನ್ನ ಟ್ಯೂಬಿಗೆ ಇಳಿದಿತ್ತು. ಇದ್ದಬದ್ದ ಬ್ಯಾಕ್ಟೀರಿಯಾವನ್ನು ದಾರಿಯಲ್ಲೇ ಕೊಂದಿರಬೇಕು. ಮುಂದಿನ ಸಲ ಟ್ಯೂಬಿಗೆ ಮೊದಲೇ ಸೋಡಿಯಂ ಥಯೋಸಲ್ಫೇಟ್ ಹಾಕಿಕೊಂಡೆ, ಅದು ಕ್ಲೋರಿನ್ನಿನ ಹಲ್ಲು ಕೀಳುತ್ತದೆ. ಹೇಳದೆ ಹೋದೆ. ಸಂಜೆ, ತೊಳೆಯುವ ಮೊದಲು.

ಚರಂಡಿಗೆ ಸ್ವಾಬ್ ಸಾಲದು. ಅಲ್ಲಿ ಬ್ಯಾಕ್ಟೀರಿಯಾ ಒಂದು ಗಂಟೆ ಬರಬಹುದು, ಇನ್ನೊಂದು ಗಂಟೆ ಬಾರದಿರಬಹುದು. ಗಾಜ್ ಬಟ್ಟೆಯನ್ನು ಸುತ್ತಿ ಉಂಡೆ ಮಾಡಿ, ದಾರ ಕಟ್ಟಿ, ಹರಿಯುವ ನೀರಲ್ಲಿ ಎರಡು ದಿನ ಇಳಿಬಿಟ್ಟೆ. 1940ರ ದಶಕದಲ್ಲಿ ಇಂಗ್ಲೆಂಡಿನ ಬ್ರೆಂಡನ್ ಮೂರ್ ಹೀಗೇ ಬಟ್ಟೆ ಇಳಿಬಿಟ್ಟು, ಚರಂಡಿ ಚರಂಡಿ ಹಿಂದೆ ಹೋಗಿ ಪ್ಯಾರಾಟೈಫಾಯಿಡ್ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿದ್ದರು. ಇವತ್ತಿಗೂ ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಉಪಾಯ ನಾನು ಇನ್ನೊಂದು ಕಂಡಿಲ್ಲ.

ನಾನು ದಾರ ಕಟ್ಟುವುದನ್ನು ನೋಡಿ ಸಿಗಡಿ ಸುಲಿಯುವ ಅಕ್ಕ ಒಬ್ಬರು ನಕ್ಕರು. "ಎಂತ ಮೇಡಂ, ಏಡಿ ಹಿಡಿಯುವುದಾ?"

"ಹೌದು ಅಕ್ಕ, ಕಣ್ಣಿಗೆ ಕಾಣದ ಏಡಿ."

ಬಟ್ಟೆಯಲ್ಲಿ ಸಿಕ್ಕಿತು. ಐಸಿನ ಟಬ್ಬಿನ ಅಂಚಿನಲ್ಲೂ ಸಿಕ್ಕಿತು. ಐಸಿನಲ್ಲಿ ಇಲ್ಲ, ಬಾವಿ ನೀರಿನಲ್ಲೂ ಇಲ್ಲ.

ಅಷ್ಟರಲ್ಲಿ ಮಾಲೀಕರು ಕೆಲಸದವರ ಮಲ ಪರೀಕ್ಷೆ ಮಾಡಿಸಿದ್ದರು. ಅದು ನಮ್ಮ ಲ್ಯಾಬ್ ಮುಟ್ಟುವ ಕೆಲಸವಲ್ಲ, ಡಾಕ್ಟರ ಮೂಲಕ ಬೇರೆ ಕಡೆ ಹೋಗಿತ್ತು. ಒಬ್ಬರದ್ದು ಪಾಸಿಟಿವ್. ಏಡಿ ಅಂದ ಅಕ್ಕನೇ. ಜ್ವರ ಇಲ್ಲ, ಭೇದಿ ಇಲ್ಲ, ಗಟ್ಟಿಮುಟ್ಟು. "ಇವಳನ್ನು ಬಿಡಿಸಿದರೆ ಮುಗಿಯಿತಲ್ಲ?" ಅಂದರು ಮಾಲೀಕರು.

ನನಗೆ ಸಿಟ್ಟು ಬಂತು. ದಿನಕ್ಕೆ ಎಂಟು ಗಂಟೆ ಆ ಸಿಗಡಿಯಲ್ಲೇ ಕೈಯಿಟ್ಟು ಕೂತವರು ಅವರು. ಬ್ಯಾಕ್ಟೀರಿಯಾವನ್ನು ಸಿಗಡಿಗೆ ಕೊಟ್ಟವರೋ, ಸಿಗಡಿಯಿಂದ ಪಡೆದವರೋ? ಮಲದ ಒಂದು ರಿಪೋರ್ಟು ಅದನ್ನು ಹೇಳುವುದಿಲ್ಲ. ಇದು ಟೈಫಾಯಿಡಿನ ಜಾತಿಯೂ ಅಲ್ಲ. ಟೈಫಾಯಿಡ್ ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಮಾತ್ರ ಇರುತ್ತದೆ, ಅದನ್ನು ಪತ್ತೆ ಮಾಡಲು ಜ್ವರದ ಮೊದಲ ವಾರ, ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್ ಮಾಡಿಸಬೇಕು. (ನಮ್ಮಲ್ಲಿ ಮಳೆಗಾಲದ ಪ್ರತಿ ಜ್ವರಕ್ಕೂ ವಿಡಾಲ್ ಅನ್ನುವ ಒಂದೇ ಒಂದು ರಕ್ತ ಪರೀಕ್ಷೆ ಮಾಡಿಸಿ ಟೈಫಾಯಿಡ್ ಅಂದುಬಿಡುತ್ತಾರೆ. ಹಿಂದೆ ಯಾವತ್ತೋ ಸೋಂಕು ಬಂದು ಹೋಗಿದ್ದರೂ ವಿಡಾಲ್ ಪಾಸಿಟಿವ್ ಬರಬಹುದು ಅಲ್ವಾ?) ಉಳಿದ ಸಾಲ್ಮೊನೆಲ್ಲಾಗಳು 2,500ಕ್ಕೂ ಜಾಸ್ತಿ ಬಗೆಯವು, ಅವುಗಳಲ್ಲಿ ಹೆಚ್ಚಿನವು ಕೋಳಿ, ದನ, ಆಮೆ, ಹಾವು ಎಲ್ಲದರ ಹೊಟ್ಟೆಯಲ್ಲೂ ಇರಬಹುದು. ಮನುಷ್ಯರಿಗೆ ತಗಲಿದರೆ ಕಾಯಿಲೆ ಇಲ್ಲದೆಯೂ ವಾರಗಟ್ಟಲೆ ಮಲದಲ್ಲಿ ಹೋಗುತ್ತಿರುತ್ತವೆ. ಅಕ್ಕನನ್ನು ಅಷ್ಟು ದಿನ ಪ್ಯಾಕಿಂಗ್ ರಟ್ಟು ಜೋಡಿಸುವ ಕಡೆ ಹಾಕಿ, ಸಂಬಳ ಕಡಿಯಬೇಡಿ ಅಂದೆ. ಡಾಕ್ಟರೂ ಅದನ್ನೇ ಹೇಳಿದ್ದರಿಂದ ಮಾಲೀಕರು ಒಪ್ಪಿದರು.

ಟಬ್ಬಿನ ಅಂಚು ಮಾತ್ರ ತಲೆಯಿಂದ ಹೋಗಲಿಲ್ಲ. ಐಸು ಶುದ್ಧ, ಅಂಚು ಅಶುದ್ಧ. ಮೇಲಿನಿಂದ ಏನೋ ಬೀಳುತ್ತಿರಬೇಕು. ಇನ್ನೊಂದು ಸಂಜೆ ಹೋಗಿ ಸುಮ್ನೆ ನಿಂತೆ. ಏಳು ಗಂಟೆಗೆ ಟ್ಯೂಬ್‌ಲೈಟ್ ಹಾಕಿದರು. ಹಾತೆಗಳು ಬಂದವು. ಹಿಂದೆಯೇ ಹಲ್ಲಿಗಳು, ಐದಾರು. ಟಬ್ಬಿನ ಮೇಲಿನ ಪಕಾಸಿಗೆ ಟಾರ್ಚ್ ಬಿಟ್ಟೆ. ಸಾಲಾಗಿ ಕರಿ ಹಿಕ್ಕೆ, ಒಂದೊಂದರ ತುದಿಯಲ್ಲೂ ಬಿಳಿ ಚುಕ್ಕೆ.

ಕೆರೆದು ತಂದೆ. ಹಿಕ್ಕೆಗೆ ಬೇರೆ ದಾರಿ. ಅರೆಗಟ್ಟಿ ಎಂಎಸ್‌ಆರ್‌ವಿ ಪ್ಲೇಟಿನ ಮೇಲೆ ಹನಿ ಇಟ್ಟರೆ, ಸಾಲ್ಮೊನೆಲ್ಲಾ ಈಜುತ್ತಾ ಹೊರಗೆ ಹರಡಿ ಬಿಳಿ ಮಂಜಿನ ವೃತ್ತ ಬಿಡುತ್ತದೆ. ಕೋಳಿ ಫಾರಂಗಳಲ್ಲಿ ಬೂಟಿಗೆ ಬಟ್ಟೆ ಸುತ್ತಿ ನಡೆದಾಡಿ ತಂದ ಸ್ಯಾಂಪಲಿಗೂ ಇದನ್ನೇ ಬಳಸುತ್ತೇನೆ. ಆದರೆ ಕೋಳಿಗೆ ಬಿಳಿ ಭೇದಿ ತರುವ ಪುಲ್ಲೋರಂ ಅನ್ನುವ ಸಾಲ್ಮೊನೆಲ್ಲಾಕ್ಕೆ ಈಜು ಬರುವುದಿಲ್ಲ, ಅದು ಇದರಲ್ಲಿ ತಪ್ಪಿಸಿಕೊಳ್ಳುತ್ತದೆ. ಹಲ್ಲಿ ಹಿಕ್ಕೆಯ ವೃತ್ತ ಮರುದಿನ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿತ್ತು.

ಸಿಗಡಿ, ಚರಂಡಿ, ಹಲ್ಲಿ, ಮೂರರ ಕಲ್ಚರನ್ನೂ ಕಸೌಲಿಯ ರಾಷ್ಟ್ರೀಯ ಸಾಲ್ಮೊನೆಲ್ಲಾ ಕೇಂದ್ರಕ್ಕೆ ಕಳಿಸಿದೆವು. ಮೂರೂ ವೆಲ್ಟೆವ್ರೆಡೆನ್ ಅನ್ನುವ ಬಗೆಯ ಸಾಲ್ಮೊನೆಲ್ಲಾ ಅಂತ ಬಂತು. ನಮ್ಮ ಕಡೆಯ ಸಮುದ್ರದ ಉತ್ಪನ್ನಗಳಲ್ಲಿ ಇದು ಹಳೆಯ ಪರಿಚಯ. ಹೆಸರು ಒಂದೇ ಆದ ಮಾತ್ರಕ್ಕೆ ಹಲ್ಲಿಯದ್ದೇ ಸಿಗಡಿಗೆ ಬಂತು ಅಂತ ಕೋರ್ಟಿನಲ್ಲಿ ಹೇಳಲಾಗದು. ಅದಕ್ಕೆ ಜೀನೋಮ್ ಓದಿಸಬೇಕು, ಶೆಡ್ಡಿನವರು ಅಷ್ಟು ಹಣ ಕೊಡಲಾರರು. ಆದರೆ ಪಕಾಸಿನ ಕೆಳಗೆ ಶೀಟು ಹೊಡೆಸಿ, ಲೈಟುಗಳನ್ನು ಗೋಡೆ ಬದಿಗೆ ಸರಿಸಿ, ಟಬ್ಬಿಗೆ ಮುಚ್ಚಳ ಮಾಡಿಸಲು ಅಷ್ಟು ಸಾಕಾಯಿತು.

ಆಮೇಲೆ ಐದು ಸಲ ಸಿಗಡಿ ಬಂತು, ಐದು ಸಲವೂ ಇಲ್ಲ. ಅಕ್ಕನ ಮಲ ಮೂರು ಬೇರೆ ಬೇರೆ ದಿನ ನೆಗೆಟಿವ್ ಬಂದು ಅವರು ಮತ್ತೆ ಮೇಜಿಗೆ ಬಂದರು. ಚರಂಡಿಯ ಬಟ್ಟೆಯಲ್ಲಿ ಮಾತ್ರ ಕಳೆದ ತಿಂಗಳೂ ಕಪ್ಪು ಕಣ್ಣಿನ ಚುಕ್ಕೆ ಇತ್ತು, ಕಲ್ಲಿನ ಸಂದಿಯ ಲೋಳೆಯಲ್ಲಿ ಕೂತಿರಬೇಕು. ಸೋಮವಾರ ಹೊಸ ದಾರ ತೆಗೆದುಕೊಂಡು ಹೋಗುತ್ತೇನೆ.