ಮೈಕ್ರೋವೇವ್‌ನಲ್ಲಿ ಬಿಡಿಸಿದ ಆಳಸಮುದ್ರದ ಕೋನ್ ಶಂಖ

ಕೋನ್ ಶಂಖ ಅಂದರೆ ಶಂಕುವಿನಾಕಾರದ ಚಿಪ್ಪಿನ ಸಮುದ್ರದ ಬಸವನಹುಳು. ಇವುಗಳ ಹೊಸ ಜಾತಿಗಳ ವೈಜ್ಞಾನಿಕ ವಿವರಣೆ ಬರೆಯುವವರಿಗೆ ಒಂದು ತಲೆನೋವಿದೆ. ಚಿಪ್ಪಿಗೆ ಒಂದು ಬಿರುಕೂ ಬೀಳಬಾರದು, ಒಳಗಿನ ಹುಳು ಇಡೀಯಾಗಿ ಬೇಕು. ಬಾಯಿಯೋ ಬರೀ ಒಂದು ಸೀಳು. ಬಲೆ ಮೇಲೆ ಬರುವಷ್ಟರಲ್ಲಿ ಹುಳು ಒಳಗಿನ ಸುತ್ತಿಗೆ ಸರಿದಿರುತ್ತದೆ. ಹಾಗೇ ಆಲ್ಕೋಹಾಲಿಗೆ ಹಾಕಿದರೆ ಅದು ಒಳಗೆ ಇಳಿಯುವುದಿಲ್ಲ. ಮಾಂಸ ಕೊಳೆಯುತ್ತದೆ, ಡಿಎನ್‌ಎ ಹೋಯಿತು ಅಂತಲೇ ಲೆಕ್ಕ.

ಹುಳು ಬಿಡಿಸಲು ಚಿಪ್ಪನ್ನು ಮೈಕ್ರೋವೇವ್‌ನಲ್ಲಿ ಇಡುತ್ತೇನೆ ಅಂದಾಗ ಲ್ಯಾಬಿನ ಹಿರಿಯರೊಬ್ಬರು, "ಸಾರಿಗೆ ಮಸಾಲೆ ಅರೆದಾಯ್ತಾ ಮಾರಾಯಾ?" ಅಂದರು. ಪ್ಯಾರಿಸ್ ಮ್ಯೂಸಿಯಂನವರು ಇದನ್ನು 2014ರಲ್ಲೇ ಬರೆದಿದ್ದಾರೆ ಅಂದರೂ ನಂಬಲಿಲ್ಲ.

ನನ್ನ ಮಾಲು ಕೊಲ್ಲಂನ ಶಕ್ತಿಕುಳಂಗರದ್ದು. ಮಲ್ಪೆಯಲ್ಲಿ ಹುಡುಕಿ ಸಾಕಾಗಿತ್ತು. ಅಲ್ಲಿ ಟ್ರಾಲ್ ಕಸದಲ್ಲಿ, ಅಂದರೆ ಮೀನಿನ ಜೊತೆ ಬಲೆಗೆ ಬಂದು ಬೇಡವಾದದ್ದರಲ್ಲಿ, ಸಿಗುವುದು ಹೆಚ್ಚಾಗಿ ಕಡಿಮೆ ಆಳದ ಕೋನ್‌ಗಳು. ಕೊಲ್ಲಂ ಬೋಟ್‌ಗಳು ಆಳಸಮುದ್ರದ ಸಿಗಡಿಗೆ ಇನ್ನೂರು ಮುನ್ನೂರು ಮೀಟರ್ ಬಲೆ ಇಳಿಸುತ್ತವೆ. ಸ್ರಾಂಕ್‌ಗೆ (ಬೋಟ್ ನಡೆಸುವವನಿಗೆ) ಚಹಾ, ಹುಡುಗರಿಗೆ ಚಿಪ್ಪಿಗೆ ನೂರರಂತೆ ಕೊಟ್ಟೆ. ಐಸ್‌ನಲ್ಲಿಟ್ಟರೆ ಇನ್ನೂರು. ಆಮೇಲೆ ಐಸ್‌ನಲ್ಲೇ ಬರತೊಡಗಿತು!

ಮೊದಲು ಕುದಿಸಿದೆ. ಹೊಳಪು ಹೋಗಿ ಚಿಪ್ಪು ಸುಣ್ಣ ಬಳಿದಂತಾಯಿತು. ಮೆಗ್ನೀಸಿಯಂ ಕ್ಲೋರೈಡ್ ಜೀವಂತ ಹುಳುವನ್ನು ಸಡಿಲಿಸಲು ಸರಿ, ಐಸ್‌ನಲ್ಲಿ ಸತ್ತು ಬಂದದ್ದಕ್ಕೆ ಏನೂ ಮಾಡದು. ಡ್ರಿಲ್ ಹಾಕಿದರೆ ಮಾಂಸ ಸಿಗುತ್ತದೆ, ಆದರೆ ತೂತಿನ ಚಿಪ್ಪನ್ನು ಹೋಲೋಟೈಪ್ (ಹೊಸ ಜಾತಿಯ ಹೆಸರಿಗೆ ಆಧಾರವಾಗುವ ಮಾದರಿ) ಅಂತ ಇಡುವ ಮನಸ್ಸಾದರೂ ಹೇಗೆ ಬರುತ್ತದೆ? ಫ್ರೀಜರ್‌ನಲ್ಲಿಟ್ಟು ಕರಗಿಸಿದಾಗ ಅರ್ಧ ಹುಳು ಬಂತು, ಉಳಿದರ್ಧ ವಾರಗಟ್ಟಲೆ ನಾರಿತು.

ಹಳೇ ಮೈಕ್ರೋವೇವ್ ಎರಡೂವರೆ ಸಾವಿರಕ್ಕೆ ಸಿಕ್ಕಿತು. ನಾಲ್ಕು ಸೆಂಟಿಮೀಟರ್ ಒಳಗಿನ ಚಿಪ್ಪಿಗೆ ಹತ್ತು ಸೆಕೆಂಡಿನ ಆಸುಪಾಸು ಸಾಕು. ಚಿಪ್ಪಿಗೆ ಅಂಟಿದ ಸ್ನಾಯು ಬಿಡುತ್ತದೆ, ಕೊಕ್ಕೆ ಹಾಕಿ ಸುತ್ತಿನ ದಿಕ್ಕಿಗೇ ತಿರುಗಿಸಿದರೆ ಹುಳು ಪೂರ್ತಿ ಜಾರಿ ಬರುತ್ತದೆ. ಪವರ್ ಎಷ್ಟು, ಚಿಪ್ಪಿನ ಕೆಳಗೆ ಏನಿಡಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಜಾತಿ ಗುರುತಿಸಲು ಓದುವ ಸಿಒಐ ಅನ್ನುವ ಜೀನ್ ಹತ್ತು ಹುಳುಗಳಲ್ಲಿ ಏಳೆಂಟಕ್ಕೆ ಓದಲು ಬಂತು. ಒಂದಕ್ಕೆ ಸಾವಿರದ ಹತ್ತಿರ ಖರ್ಚು, ಜಿಎಸ್‌ಟಿ ಬೇರೆ. ನಕ್ಕವರೇ ಈಗ ಆ ಪೆಟ್ಟಿಗೆಯನ್ನು ಸಾಲ ಕೇಳುತ್ತಾರೆ.

ಚಿಪ್ಪಿನ ವಿಷಯಕ್ಕೆ ಬರುತ್ತೇನೆ. ಉದ್ದ ಸುಮಾರು 38 ಮಿಲಿಮೀಟರ್, ಬಾಯಿ 28, ಅಗಲ 15. ಅಂದರೆ ಬಾಯಿಯ ಮೇಲಿನ ಚೂಪು ಭಾಗ, ಶಿಖರ, ಒಟ್ಟು ಉದ್ದದ ಕಾಲು ಭಾಗಕ್ಕಿಂತ ತುಸು ಜಾಸ್ತಿ. ಭುಜದಲ್ಲಿ ಸಾಲು ಗಂಟು, ಮೈತುಂಬ ಸುತ್ತುಗೆರೆ, ಕಂದು ಚುಕ್ಕೆ. ಕುಲ ಕೋನಾಸ್ಪ್ರೆಲ್ಲಾ. ನೋಡಿದವರೆಲ್ಲ ಅದೇ ಕುಲದ ಹಳೇ ಜಾತಿ 'ಒರ್ಬಿನ್ಯಿ' ಅಂದರು. ನನಗೆ ಅನುಮಾನ. ಕಾರಣವನ್ನೂ ಹೆಸರನ್ನೂ ಪೇಪರ್ ಬಂದ ಮೇಲೆ ಹೇಳುತ್ತೇನೆ. ತುದಿಯ ಮರಿಚಿಪ್ಪು ಮಾತ್ರ ಜೋಪಾನ. ಅದರಲ್ಲಿ ಮೂರರ ಹತ್ತಿರ ಸುತ್ತುಗಳಿದ್ದರೆ ಮರಿ ನೀರಲ್ಲಿ ತೇಲಿ ಬೆಳೆದದ್ದು, ಒಂದೂವರೆ ಇದ್ದರೆ ಹಾಗಲ್ಲ. ಬಲೆಗೆ ಸಿಕ್ಕಿ ಮೊದಲು ಮುರಿಯುವುದೂ ಅದೇ. ಚಿಪ್ಪಿನ ಮೇಲಿನ ತೆಳು ಸಿಪ್ಪೆಯನ್ನು ಸಿಕ್ಕ ಚಿಪ್ಪುಗಳಲ್ಲಿ ಅರ್ಧದಷ್ಟಕ್ಕೆ ಮಾತ್ರ ತೆಗೆಯಿರಿ.

ಹುಳುವಿನ ಹಲ್ಲು ಬಿಡಿಸಲು ಪಾತ್ರೆ ಅಂಗಡಿಯ ಬ್ಲೀಚೇ ಸಾಕು, ಮಾಂಸ ಕರಗಿ ಈಟಿಯಂಥ ಹಲ್ಲುಗಳು ಉಳಿಯುತ್ತವೆ. ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬಾಡಿಗೆ ಉಳಿಸಲು ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ಫೋಟೋ ಹೊಡೆದೆ. ಪೇಪರಿನ ವಿಮರ್ಶಕರು ಒಪ್ಪಲಿಲ್ಲ, ಕೊನೆಗೆ ಎಸ್‌ಇಎಂಗೇ ನಾಲ್ಕು ಸಾವಿರ ಹೋಯಿತು.

ಸುಮ್ನೆ ಒಂದು ಆಟವನ್ನೂ ಆಡಿದೆ. ಬ್ಲೀಚ್‌ನಲ್ಲಿ ನೆನೆಸಿದ ಪಳೆಯುಳಿಕೆ ಕೋನ್‌ಗಳು ಯುವಿ (ಅತಿನೇರಳೆ) ಬೆಳಕಿನಲ್ಲಿ ಹಳೆಯ ಬಣ್ಣದ ವಿನ್ಯಾಸ ತೋರಿಸುತ್ತವೆ ಅಲ್ವಾ? ಬಿಳಿಚಿಹೋದ ನನ್ನ ಚಿಪ್ಪಿಗೂ ಹಾಗೇ ಮಾಡಿ ನೋಟು ಪರೀಕ್ಷಿಸುವ ಟಾರ್ಚ್ ಹಿಡಿದೆ. ಎರಡು ಸಾಲು ಚುಕ್ಕೆ ಮಸುಕಾಗಿ ಕಂಡಿತು, ಫೋಟೋದಲ್ಲಿ ಬರಲಿಲ್ಲ. ಒಳ್ಳೆ ಟಾರ್ಚ್ ತಂದು ಇನ್ನೊಮ್ಮೆ ನೋಡಬೇಕು.

ಕಸದಲ್ಲಿ ಕೋನಸ್ ಮಿಲ್ನೆಡ್ವರ್ಡ್ಸಿ ಅನ್ನುವ ಕೋನ್ ಶಂಖ ಕಂಡರೆ ಆಸೆ ಬೀಳಬೇಡಿ. ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕೆ 2001ರಿಂದಲೂ ಇದೆ. ಹೊಸ ಜಾತಿಯಾದರೆ ಟೈಪ್ ಚಿಪ್ಪನ್ನು ಕೋಲ್ಕತ್ತದ ಝೆಡ್‌ಎಸ್‌ಐಯಂಥ (ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ) ಸರ್ಕಾರ ಗುರುತಿಸಿದ ಸಂಗ್ರಹಕ್ಕೇ ಕೊಡಬೇಕು. ಕೊರಿಯರ್‌ಗೆ ಇನ್ನೂರೈವತ್ತು ರೂಪಾಯಿ, ಹತ್ತಿಗೆ ಇಪ್ಪತ್ತು.