ಒಂಟಾರಿಯೊದಲ್ಲಿ ಸಮಾಜಕಾರ್ಯದ ವೃತ್ತಿ: ಧಾರವಾಡದ ಎಂಎಸ್‌ಡಬ್ಲ್ಯು ಪದವೀಧರರು ತಿಳಿದಿರಬೇಕಾದದ್ದು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲೋ ಗದಗ, ಹಾವೇರಿ ಜಿಲ್ಲೆಗಳ ಸ್ವಯಂಸೇವಾ ಸಂಸ್ಥೆಗಳಲ್ಲೋ ಕೆಲವು ವರ್ಷ ದುಡಿದು ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದವರು, ಇಲ್ಲಿ ಮತ್ತೆ ಮೊದಲಿನಿಂದ ಓದಬೇಕೇ ಎಂದು ಕೇಳುವುದು ಸಹಜ. ಅನೇಕರು ಯಾರನ್ನೂ ವಿಚಾರಿಸದೆ ಎರಡು ವರ್ಷದ ಡಿಪ್ಲೊಮಾಕ್ಕೆ ಶುಲ್ಕ ಕಟ್ಟಿಬಿಡುತ್ತಾರೆ. ಕೈಯಲ್ಲಿರುವ ಪದವಿಯ ಬೆಲೆ ತಿಳಿಯುವ ಮುನ್ನ ಹಾಗೆ ಮಾಡುವುದು ಸರಿಯಲ್ಲ.

ಭಾರತದಲ್ಲಿ ವೈದ್ಯರಿಗೂ ವಕೀಲರಿಗೂ ಇರುವಂಥ ಶಾಸನಬದ್ಧ ಪರಿಷತ್ತು ಇಡೀ ಸಮಾಜಕಾರ್ಯ ವೃತ್ತಿಗೆಂದು ಇಲ್ಲ. ಪದವಿ ಇದ್ದರೆ, ಕೆಲವೊಮ್ಮೆ ಇಲ್ಲದೆಯೂ, ಕೆಲಸ ನಡೆಯುತ್ತದೆ. ಒಂಟಾರಿಯೊದಲ್ಲಿ 1998ರ ಕಾಯ್ದೆಯೊಂದು ಈ ವೃತ್ತಿಯನ್ನು ನಿಯಂತ್ರಿಸುತ್ತದೆ. ಅದರ ಪ್ರಕಾರ ‘ಸೋಶಿಯಲ್ ವರ್ಕರ್’ ಮತ್ತು ‘ಸೋಶಿಯಲ್ ಸರ್ವಿಸ್ ವರ್ಕರ್’ ಎಂಬ ಎರಡು ಹೆಸರುಗಳನ್ನು ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿಯಾದವರು ಮಾತ್ರ ಬಳಸಬಹುದು. ಮೊದಲನೆಯದಕ್ಕೆ ಸಮಾಜಕಾರ್ಯದ ಪದವಿ ಬೇಕು, ಎರಡನೆಯದಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಡಿಪ್ಲೊಮಾ ಸಾಕು. ಎರಡನೆಯದು ಕೀಳು ಎಂದು ಭಾವಿಸಬೇಕಾಗಿಲ್ಲ. ಆಶ್ರಯತಾಣ, ವೃದ್ಧರ ಸೇವೆ, ವಲಸಿಗರ ನೆಲೆಗೊಳಿಸುವಿಕೆ ಮುಂತಾದ ಕ್ಷೇತ್ರಗಳಲ್ಲಿ ಅವರು ದುಡಿಯುತ್ತಾರೆ.

ಎಂಎಸ್‌ಡಬ್ಲ್ಯು ಇದ್ದವರು ಮೊದಲು ಕೆನಡಾದ ಸಮಾಜಕಾರ್ಯಕರ್ತರ ಸಂಘದಿಂದ ಪದವಿಯ ಸಮಾನತೆಯ ಮೌಲ್ಯಮಾಪನ ಮಾಡಿಸಬೇಕು. ತೊಡಕು ಬರುವುದು ಕ್ಷೇತ್ರಕಾರ್ಯದ ವಿಷಯದಲ್ಲಿ. ಕೆನಡಾದ ಮಾನ್ಯತೆ ಪಡೆದ ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕ ಪದವಿ) ಕೋರ್ಸಿನಲ್ಲಿ ಕನಿಷ್ಠ 700 ಗಂಟೆ ಮೇಲ್ವಿಚಾರಣೆಯ ಕ್ಷೇತ್ರ ತರಬೇತಿ ಇರುತ್ತದೆ. ನಮ್ಮಲ್ಲಿಯೂ ವಾರಕ್ಕೆ ಎರಡು ದಿನದ ಫೀಲ್ಡ್‌ವರ್ಕ್, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್ (ಒಂದೇ ಸಂಸ್ಥೆಯಲ್ಲಿ ಕೆಲವು ವಾರ ಸತತ ತರಬೇತಿ) ಮಾಡುವ ರೂಢಿ ಇದೆ. ಆದರೆ ಅಂಕಪಟ್ಟಿಯಲ್ಲಿ ಅದು ಬರಿಯ ಅಂಕವಾಗಿ ಕಾಣುತ್ತದೆಯೇ ಹೊರತು ಎಷ್ಟು ಗಂಟೆ, ಯಾವ ಸಂಸ್ಥೆ, ಯಾರ ಮಾರ್ಗದರ್ಶನ ಎಂಬುದು ಕಾಣುವುದಿಲ್ಲ. ಆದ್ದರಿಂದ ವಿಭಾಗದ ಮುಖ್ಯಸ್ಥರ ಸಹಿ ಮತ್ತು ಮೊಹರಿನೊಂದಿಗೆ ಈ ವಿವರದ ಪತ್ರ, ನೀವು ಓದಿದ ವರ್ಷದ ಪಠ್ಯಕ್ರಮ, ಮುಚ್ಚಿದ ಲಕೋಟೆಯ ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯದ ಅಧಿಕೃತ ಅಂಕದಾಖಲೆ) ಇವನ್ನು ಊರು ಬಿಡುವ ಮುನ್ನವೇ ಪಡೆದುಕೊಳ್ಳುವುದು ಲೇಸು. ಇಲ್ಲಿಂದ ಫೋನಿನಲ್ಲಿ ಪಾವಟೆನಗರದ ವಿಶ್ವವಿದ್ಯಾಲಯ ಕಚೇರಿಯ ಕೆಲಸ ಮಾಡಿಸಿಕೊಳ್ಳುವುದು ಎಷ್ಟು ಸುಲಭವೆಂಬುದನ್ನು ಅಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ.

ಸಮಾಜಕಾರ್ಯ ಓದದೆ ಬಿಎ, ಬಿಕಾಂ ಮಾಡಿ ಈಗ ಈ ಕ್ಷೇತ್ರಕ್ಕೆ ಬರಬಯಸುವವರಿಗೆ ಡಿಪ್ಲೊಮಾ ಒಳ್ಳೆಯ ದಾರಿ. ಸೆನೆಕಾ, ಹಂಬರ್, ಶೆರಿಡನ್ ಮೊದಲಾದ ಸಾರ್ವಜನಿಕ ಕಾಲೇಜುಗಳು ಅದನ್ನು ನಡೆಸುತ್ತವೆ. ಖಾಸಗಿ ಸಂಸ್ಥೆಯಾದರೆ, ಅದರ ಡಿಪ್ಲೊಮಾ ನೋಂದಣಿಗೆ ನಡೆಯುತ್ತದೆಯೇ ಎಂದು ನಿಯಂತ್ರಣ ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಹಣ ಕಟ್ಟಿ. ಏಜೆಂಟರ ಬಾಯಿಮಾತು ಸಾಲದು. ತರಬೇತಿಗೆ ಸೇರುವಾಗ ಪೊಲೀಸ್ ತಪಾಸಣೆಯ ಪತ್ರವನ್ನೂ ಕೇಳುತ್ತಾರೆ.

ತರಬೇತಿಯಲ್ಲಿ ನಮ್ಮವರಿಗೆ ಕಠಿಣವೆನಿಸುವುದು ಕೇಸ್ ಬರವಣಿಗೆ, ಅಂದರೆ ಪ್ರತಿ ಭೇಟಿಯ ದಾಖಲೆ ಬರೆಯುವುದು. ‘ಅಜ್ಜಿ ತುಂಬ ನೊಂದಿದ್ದರು’ ಎಂದು ಬರೆದರೆ ಮೇಲ್ವಿಚಾರಕರು ಹಿಂದಿರುಗಿಸುತ್ತಾರೆ; ‘ಬೆಳಿಗ್ಗೆ 10.15ಕ್ಕೆ ಭೇಟಿ, ಎರಡು ದಿನದಿಂದ ಊಟ ಮಾಡಿಲ್ಲವೆಂದರು, ಫ್ರಿಜ್ ಖಾಲಿಯಿತ್ತು’ ಎಂದು ಕಂಡದ್ದನ್ನು, ಕೇಳಿದ್ದನ್ನು ಬರೆಯಬೇಕು. ಮಕ್ಕಳ ರಕ್ಷಣೆಯ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 2017ರ ಕಾಯ್ದೆಯಂತೆ, 16 ವರ್ಷದೊಳಗಿನ ಮಗುವಿಗೆ ಅಪಾಯವಿದೆ ಎಂಬ ಸಕಾರಣ ಅನುಮಾನ ಬಂದವರು ತಾವೇ ನೇರವಾಗಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಕ್ಕಳ ನೆರವು ಸಂಘಕ್ಕೆ (ಚಿಲ್ಡ್ರನ್ಸ್ ಏಡ್ ಸೊಸೈಟಿ) ತಿಳಿಸಬೇಕು. ಓಣಿಯ ಹಿರಿಯರನ್ನು ಕೂಡಿಸಿ ಬಗೆಹರಿಸುವುದಾಗಲಿ, ಮೇಲಧಿಕಾರಿಗೆ ಹೇಳಿ ಸುಮ್ಮನಾಗುವುದಾಗಲಿ ಇಲ್ಲಿ ನಡೆಯದು. ವೃತ್ತಿಯಲ್ಲಿರುವವರು ತಿಳಿಸದೆ ಹೋದರೆ 5,000 ಡಾಲರ್‌ವರೆಗೆ ದಂಡವಿದೆ, ಆ ಕುಟುಂಬ ನಿಮ್ಮ ಊರಿನದೇ ಆಗಿದ್ದರೂ.